ತಾಟಿನ ಮುಂದಿನಿಂದ ಎದ್ದವನು

ಜೇಲಿನಿಂದ ಊರಿಗೆ ಮರಳಿದ ಚಂದ್ರಾಮಪ್ಪನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಸೂಜಿ. ದಿನಕ್ಕೊಂದು, ತಪ್ಪದಂತೆ. ಇಡೀ ಊರಿನಲ್ಲಿ ಸೂಜಿ ಮಾಡುವ ಜಾಗ ಒಂದೇ ಒಂದು. ಸರಕಾರದವರು ನರ್ಸಮ್ಮನಿಗೆಂದು ಬಾಡಿಗೆ ಹಿಡಿದ ಕೋಣೆ ಅದು, ಸುಭದ್ರಾಬಾಯಿಯ ಮನೆಯ ಪಡಸಾಲೆಗೆ ಹತ್ತಿಕೊಂಡಿತ್ತು. ಚಂದ್ರಾಮಪ್ಪ ಜೇಲಿಗೆ ಹೋದದ್ದು ಅದೇ ಸುಭದ್ರಾಬಾಯಿಯ ಕಿರಿಯ ಮಗ ಮಲ್ಲಣ್ಣನನ್ನು ಕೊಂದದ್ದಕ್ಕೆ.

'ಸರಕಾರಕ್ಕ ಬ್ಯಾರೆ ಮನಿ ಸಿಗಲಿಲ್ಲ ನೋಡು' ಎಂದು ಅವನು ತನ್ನಷ್ಟಕ್ಕೆ ತಾನೇ ನಕ್ಕ. ನಕ್ಕಾಗ ಕೆಮ್ಮು ಬಂತು. ಈಚೆಗೆ ಅವನ ಎಲ್ಲ ನಗೆಯೂ ಹಾಗೆಯೇ ಮುಗಿಯುತ್ತಿತ್ತು.

ಅವನು ಹುಟ್ಟಿನಿಂದ ಹೊಡೆದಾಡುವವನಲ್ಲ. ಹೊಡೆಯಲು ಬಾರದ್ದಕ್ಕೇ ಮಲ್ಲಣ್ಣ ಸತ್ತ ಎಂಬುದು ಅವನ ಖಾಸಗಿ ತೀರ್ಮಾನ. ಬರುತ್ತಿದ್ದರೆ ಹೆಗಲಿಗೆಂದು ಬೀಸಿದ ಪೆಟ್ಟು ಹೆಗಲಿಗೇ ಬೀಳುತ್ತಿತ್ತು. ಆಗ ಅವನು ಭೀಮಾ ಹೊಳೆಯ ದಂಡೆಯ ಮೇಲೆ ಜೇವರ್ಗಿ ಕಡೆಯ ಒಬ್ಬ ಸಾವಕಾರನ ಡೀಸೆಲ್ ಎಂಜಿನ್ ನಡೆಸುತ್ತಿದ್ದ. ಎಂಬತ್ತನೆಯ ಇಸವಿಯ ಬೇಸಿಗೆ. ಹೊಳೆ ಸೊರಗಿ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿತ್ತು. ಒಂದು ಮಡುವಿಗೆ ಎರಡು ಎಂಜಿನ್ನು: ಒಂದು ಇವನ ಸಾವಕಾರನದು, ಇನ್ನೊಂದು ಮಲ್ಲಣ್ಣನ ಮನೆಯದು. ಮಲ್ಲಣ್ಣ ತನ್ನ ಪೈಪನ್ನು ಆಳಕ್ಕೆ ಸರಿಸಿದ, ಇವನ ಎಂಜಿನ್ ಗಾಳಿ ಕುಡಿಯಿತು. ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಎಂಜಿನ್ನಿನ ಹ್ಯಾಂಡಲನ್ನು ಇವನು ಬೀಸಿದ. ಕಣ್ಣು ತೆರೆದು ನೋಡಿದಾಗ ಮಲ್ಲಣ್ಣ ಉಸುಕಿನಲ್ಲಿ ಬಿದ್ದಿದ್ದ. ಪೆಟ್ಟು ಕಪಾಲಕ್ಕೆ ಬಿದ್ದಿತ್ತು. ಹೌದು, ಹೊಡೆಯುವಾಗ ಚಂದ್ರಾಮಪ್ಪ ಕಣ್ಣು ಮುಚ್ಚಿದ್ದ. ಕೋರ್ಟಿನಲ್ಲಿ ಅದನ್ನು ಹೇಳಿದಾಗ ವಕೀಲರೂ ನಕ್ಕರು.

ಯಾರ ನೀರಿಗಾಗಿ ಹೊಡೆದಿದ್ದನೋ ಆ ಸಾವಕಾರ ಕೋರ್ಟಿಗೆ ಒಮ್ಮೆ ಬಂದು ಮುಖ ತೋರಿಸಿ, ಎಂಜಿನ್ ಮಾರಿಕೊಂಡು ಆ ಕಡೆ ತಲೆ ಹಾಕುವುದನ್ನೇ ಬಿಟ್ಟ. ಚಂದ್ರಾಮಪ್ಪನಿಗೆ ಕಲಬುರ್ಗಿ ಜೇಲಾಯಿತು. ಅಲ್ಲಿ ಜಮಖಾನೆ ನೇಯುವುದು ಕಲಿತ. ಕೊನೆಯ ವರ್ಷ ಕೆಮ್ಮು ಹತ್ತಿತು, ಸಂಜೆಯಾದರೆ ಮೈ ಬಿಸಿ, ಮೂಳೆ ಕಾಣುವಷ್ಟು ತೆಳುವಾದ. ಡಾಕ್ಟರು ಕಫ ನೋಡಿ ಟೀಬಿ ಎಂದರು. ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಂತರೆ ಸೂಜಿ, ಗುಳಿಗೆ, ಒಂದು ಲೋಟ ಹಾಲು. ಹಾಗೆ ಕೆಲವು ವಾರ ನಡೆಯುವಷ್ಟರಲ್ಲಿ ಶಿಕ್ಷೆ ಮುಗಿಯಿತು. ಔಷಧ ಮುಗಿದಿರಲಿಲ್ಲ.

"ಸಾಹೇಬ್ರ, ಇನ್ನೆರಡು ತಿಂಗಳು ಇಟ್ಕೊಳ್ರಿ ನನ್ನ. ಬೇಕಾದ್ರ ಯಾರಿಗರೆ ಬೈದು ಶಿಕ್ಷಾ ಹೆಚ್ಚಿಸ್ಕೋತೇನಿ" ಎಂದಿದ್ದ ಡಾಕ್ಟರಿಗೆ.

ಡಾಕ್ಟರು ನಗಲಿಲ್ಲ. "ಊರಾಗ ನರ್ಸ್ ಇರ್ತಾರ. ಸೂಜಿ ತಪ್ಪಿಸಬ್ಯಾಡ. ನಡುವ ಬಿಟ್ಟಿ ಅಂದ್ರ ಬ್ಯಾನಿ ಮೊದಲಿಗಿಂತ ಜೋರಾಗಿ ತಿರುಗಿ ಬರ್ತದ, ಆಮ್ಯಾಲ ಇದೇ ಔಷಧ ಕೇಳಾಂಗಿಲ್ಲ ಅದು" ಎಂದು ಚೀಟಿ ಬರೆದು, ಕೈಯಲ್ಲಿ ಒಂದು ಪೊಟ್ಟಣ ಗುಳಿಗೆ ಕೊಟ್ಟು ಕಳಿಸಿದರು.

ಊರಾಗ ನರ್ಸ್ ಇದ್ದಳು. ಯಾರ ಮನೆಯಲ್ಲಿ ಎಂಬುದನ್ನು ಡಾಕ್ಟರು ಕೇಳಿರಲಿಲ್ಲ, ಕೇಳುವ ಕಾರಣವೂ ಇರಲಿಲ್ಲ.

ಅಫಜಲಪುರ ತಾಲೂಕಿನ ಆ ಹೊಳೆದಂಡೆಯ ಊರಲ್ಲಿ ಕೊಲೆಯಾದ ಮನೆಗೂ ಕೊಂದವನ ಮನೆಗೂ ನಡುವೆ ಒಂದು ಕಟ್ಟಳೆ ನಡೆದುಬಂದಿತ್ತು. ಕೋರ್ಟಿನ ಶಿಕ್ಷೆ ಕೋರ್ಟಿಗೆ. ಊರಿನದು ತೀರಬೇಕೆಂದರೆ ಎರಡೂ ಮನೆಯವರು ಮಠದಲ್ಲಿ ಎದುರುಬದುರು ಕೂತು ಒಂದೇ ತಾಟಿನಲ್ಲಿ ಗೋಧಿ ಹುಗ್ಗಿ ಉಣ್ಣಬೇಕು. ಇವನು ಅವರ ಬಾಯಿಗೆ ಒಂದು ತುತ್ತು, ಅವರು ಇವನ ಬಾಯಿಗೆ ಒಂದು ತುತ್ತು. ಅಲ್ಲಿಗೆ ಹಗೆ ಹರಿಯಿತು. ಅಲ್ಲಿಯ ತನಕ ಕೊಂದವನು ಸತ್ತವನ ಮನೆಯ ಓಣಿ ತುಳಿಯುವಂತಿಲ್ಲ, ಊರ ಬಾವಿಯ ಹಗ್ಗ ಮುಟ್ಟುವಂತಿಲ್ಲ. ಕ್ಷೌರದ ಹುಲೆಪ್ಪ ಅವನ ಗಡ್ಡಕ್ಕೆ ಕತ್ತಿ ಹಚ್ಚುವಂತಿಲ್ಲ, ಊರಿನ ಯಾರೂ ಅವನನ್ನು ಕೂಲಿಗೆ ಕರೆಯುವಂತಿಲ್ಲ. ಒಮ್ಮೆ ತಾಟಿಗೆ ಕೂತು ಉಣ್ಣದೆ ಎದ್ದರಂತೂ ಮುಗಿದೇಹೋಯಿತು. ಹಗೆ ಹೊಸದಾಗಿ ಶುರುವಾಯಿತೆಂದೇ ಲೆಕ್ಕ.

ಸೂಜಿ ಬೇಕಾದರೆ ಆ ಓಣಿ ತುಳಿಯಬೇಕು. ಓಣಿ ತುಳಿಯಬೇಕಾದರೆ ತಾಟು ಆಗಬೇಕು. ತಾಟಿಗೆ ಕೂರಬೇಕಾದರೆ ಎದುರಿಗಿದ್ದವರ ಮುಖಕ್ಕೆ ಕೆಮ್ಮದಂತಿರಬೇಕು. ಕೆಮ್ಮು ನಿಲ್ಲಬೇಕಾದರೆ ಸೂಜಿ ಬೇಕು. ಚಂದ್ರಾಮಪ್ಪ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಗಾಣದೆತ್ತಿನಂತೆ ಸುತ್ತಿದ. ಆ ಎತ್ತಿನ ಕಣ್ಣಿಗೆ ಬಟ್ಟೆಯಾದರೂ ಕಟ್ಟಿರುತ್ತಾರೆ ಎನ್ನಿಸಿ ಹೊಟ್ಟೆಕಿಚ್ಚಾಯಿತು.

ಅಕ್ಕ ಕಸ್ತೂರಿಬಾಯಿ ಅವನನ್ನು ಒಳಗೆ ಕರೆದುಕೊಂಡದ್ದೇ ದೊಡ್ಡದು. ಗಂಡ ಸೊಲ್ಲಾಪುರದ ಮಿಲ್ಲಿನಲ್ಲಿ, ಹಬ್ಬಕ್ಕೆ ಮಾತ್ರ ಬರುವವನು. ಮಗಳು ಪ್ರಮಿಲಾಳಿಗೆ ಆಳಂದದ ಕಡೆ ಒಂದು ಸಂಬಂಧ ಕೂಡಿಬಂದಿತ್ತು. ಬೀಗರು ಒಳ್ಳೆಯವರೇ. ಆದರೆ ಹುಡುಗಿಯ ಸೋದರಮಾವ ಜೇಲಿಗೆ ಹೋದವ ಎಂದು ಗೊತ್ತಾದಾಗ ಒಂದು ಮಾತು ಇಟ್ಟಿದ್ದರು: ಊರು ಅವನನ್ನು ಒಳಗೆ ತೆಗೆದುಕೊಂಡರೆ ನಮಗೂ ಅಡ್ಡಿಯಿಲ್ಲ. ಹೀಗಾಗಿ ತಾಟಿನ ಅವಸರ ಚಂದ್ರಾಮಪ್ಪನಿಗಿಂತ ಅಕ್ಕನಿಗೆ ಹೆಚ್ಚು.

"ಏನ್ ತಮ್ಮಾ, ಆ ಕೆಮ್ಮು ಹೋಗವಲ್ದಲ್ಲೋ."

"ಜೇಲಿನ ಥಂಡಿ ಅಕ್ಕಾ. ಫರ್ಸಿ ಮ್ಯಾಲ ಮಲಗಿ ಮಲಗಿ ಎದಿಗೆ ಇಳದದ. ಹೋಗ್ತದ."

"ಥಂಡಿ ಇದ್ರ ಛಲೋ. ಮತ್ತೇನರೆ ಇದ್ರ ಮೊದಲ ಹೇಳಿಬಿಡು. ಆಳಂದದವ್ರಿಗೆ ಜೇಲು ಆದ್ರ ನಡೀತದ, ಬ್ಯಾನಿ ನಡೆಯಾಂಗಿಲ್ಲ."

"ಮತ್ತೇನ್ ಇರ್ತದ ಬೇ? ಇದ್ದಿದ್ರ ಜೇಲಿನವ್ರು ಬಿಡ್ತಿದ್ರೇನು?"

ಅವಳು ನಂಬಿದಳೋ, ನಂಬುವುದು ಬೇಕಿತ್ತೋ. ಅಂದಿನಿಂದ ಅವನ ರೊಟ್ಟಿಯ ಪರಿಯಾಣವನ್ನು ಬೂದಿ ಹಾಕಿ ಎರಡು ಸಲ ತಿಕ್ಕುತ್ತಿದ್ದಳು. ಅವನು ನೋಡಿಯೂ ನೋಡದಂತಿದ್ದ.

ಕೆಲಸವೆಂದು ಸಿಕ್ಕಿದ್ದು ಹೊಳೆಯಲ್ಲಿ ಲಾರಿಗೆ ಉಸುಕು ತುಂಬುವುದು. ಲಾರಿ ಜೇವರ್ಗಿಯದು. ಅದರ ಮುಕಾದಮನಿಗೆ ಈ ಊರಿನ ಹಗೆ ಕಟ್ಟಿಕೊಂಡು ಏನೂ ಆಗಬೇಕಾಗಿರಲಿಲ್ಲ. ಹೆಸರು ಕೇಳುತ್ತಿರಲಿಲ್ಲ, ಬುಟ್ಟಿ ತುಂಬಿದೆಯೋ ಇಲ್ಲವೋ ನೋಡುತ್ತಿದ್ದ. ಚಂದ್ರಾಮಪ್ಪ ಕೆಮ್ಮು ಬಂದಾಗ ಬುಟ್ಟಿ ಕೆಳಗಿಟ್ಟು ಲಾರಿಯ ಹಿಂದಕ್ಕೆ ಹೋಗಿ ಕೆಮ್ಮಿ ಬರುತ್ತಿದ್ದ. "ಏನಲೇ, ದಿನಕ್ಕ ಎಷ್ಟ್ ಸಲ ಉಚ್ಚಿಗೆ ಹೋಗ್ತಿ?" ಎಂದು ಮುಕಾದಮ ಬೈದರೆ, "ಹೊಳಿ ನೋಡಿದ್ರ ತಡಿಯಾಕ ಆಗಾಂಗಿಲ್ರಿ" ಎನ್ನುತ್ತಿದ್ದ. ಗಡ್ಡ ಎದೆಗಿಳಿದಿತ್ತು. ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ನಡೆದು ಹೋಗುವ ಜನ ಅವನನ್ನು ಯಾರೋ ಸಾಧು ಎಂದು ತಿಳಿದು ಕೈ ಮುಗಿದದ್ದೂ ಉಂಟು. ಅವನು ಆಶೀರ್ವಾದ ಮಾಡಲು ಬಾಯಿ ತೆರೆದರೆ ಕೆಮ್ಮು ಬರುತ್ತಿತ್ತು.

ಮೊದಲ ವಾರ ಅಫಜಲಪುರದ ದವಾಖಾನೆಗೆ ಹೋಗಿಬಂದ. ಅಲ್ಲಿ ಸೂಜಿ ಮಾಡಿದರು, ಬೈಯಲಿಲ್ಲ, ಜೇಲಿನ ಚೀಟಿ ನೋಡಿ ಮುಖವನ್ನೂ ತಿರುಗಿಸಲಿಲ್ಲ. ಆದರೆ ಬೆಳಗಿನ ಬಸ್ಸಿಗೆ ಹೋದರೆ ಊರಿಗೆ ತಿರುಗಿ ಬರುವುದು ಸಂಜೆ. ದಿನಾ ಹೀಗೆ ಹೋದರೆ ಲಾರಿ ಕಾಯುವುದಿಲ್ಲ. "ದಿನಾ ಇಷ್ಟ್ ದೂರ ಯಾಕ್ ಬರ್ತೀರಿ? ನಿಮ್ಮೂರಾಗ ನರ್ಸ್ ಬಾಯಿ ಅದಾರಲ್ಲ, ಔಷಧ ಅವರ ಕೈಯಾಗ ಕಳಸ್ತೀವಿ" ಎಂದರು ಅಲ್ಲಿಯವರು, ಉಪಕಾರ ಮಾಡುವ ದನಿಯಲ್ಲಿ. ಅದು ಉಪಕಾರವೇ ಆಗಿತ್ತು. ಮೂರನೆಯ ಸಲ ಕೂಲಿ ತಪ್ಪಿಸಿದಾಗ ಮುಕಾದಮ, "ನಾಳಿಂದ ದವಾಖಾನಿಗೇ ಹೋಗಿ ಕೂಡು, ಅಲ್ಲೇ ಪಗಾರ ಕೊಡ್ತಾರ" ಎಂದ. ಚಂದ್ರಾಮಪ್ಪ ದವಾಖಾನೆ ಬಿಟ್ಟ, ಲಾರಿ ಹಿಡಿದ.

ನರ್ಸಮ್ಮನ ಹೆಸರು ಮೆಹರಾಜಬೇಗಂ. ಐದು ಊರು ಅವಳ ಸುಪರ್ದಿಗೆ. ಬಿಳಿ ಸೀರೆಯ ಅಂಚಿಗೆ ಧೂಳು ಹತ್ತಿಸಿಕೊಂಡು ದಿನಾ ಬೆಳಗಿನ ಬಸ್ಸಿಗೆ ಬಂದಿಳಿದು, ಬೇವಿನ ಮರದ ಕೆಳಗೆ ಚಪ್ಪಲಿಯ ಉಂಗುಟ ಸರಿಮಾಡಿಕೊಂಡು ಊರೊಳಗೆ ನಡೆಯುವವಳು. ಚಂದ್ರಾಮಪ್ಪ ಅಲ್ಲಿಯೇ ಅವಳನ್ನು ಹಿಡಿದ.

"ಬಾಯಾರ, ನನ್ನ ಔಷಧ ನಿಮ್ಮ ಕಡಿ ಬಂದದಂತ."

"ಬಂದು ಹದಿನೈದು ದಿನ ಆಯ್ತು. ನೀನ ಬರ್ಲಿಲ್ಲ. ಕಪಾಟಿನಾಗ ಕುಂತು ನಿನ್ನ ದಾರಿ ನೋಡಾಕತ್ತಾವ."

"ಇಲ್ಲೇ ಮರದ ಬುಡಕ ಒಂದ್ ಚುಚ್ಚಿಬಿಡ್ರಿ. ನಿಮಗ ಪುಣ್ಯ ಬರ್ತದ."

"ಅರೆ ತಮ್ಮಾ, ಸೂಜಿ ಅಂದ್ರ ಮುಳ್ಳೇನು ದಾರ್ಯಾಗ ಚುಚ್ಚಾಕ? ಕುದಿಸಬೇಕು. ಸ್ಟೋವು, ಡಬ್ಬಿ ಎಲ್ಲಾ ರೂಮಿನಾಗ ಅದಾವ. ಇಲ್ಲಿ ಚುಚ್ಚಿ ನಾಳೆ ಕುಂಡಿ ಕೀವು ತುಂಬಿದ್ರ ಯಾರು ಜವಾಬು ಕೊಡೋರು?" ಅವಳು ದನಿ ತಗ್ಗಿಸಿದಳು. "ರೂಮಿಗೆ ಬಾ."

"ರೂಮು ಯಾರ ಮನ್ಯಾಗದ ಅಂತ ಗೊತ್ತದಲ್ಲ ನಿಮಗ?"

ಅವಳಿಗೆ ಗೊತ್ತಿತ್ತು. "ರಕ್ತ ಬಿದ್ದದೇನು?" ಎಂದಳು.

"ಒಂದ್ ಸಲ. ಉಸುಕಿನ ಮ್ಯಾಲ. ಕಾಲಿಂದ ಮುಚ್ಚಿದ್ಯಾ."

"ತಮ್ಮಾ, ಕೇಳಿಲ್ಲಿ. ತಾಟು ಗೀಟು ಊರವ್ರ ಬಾಬತ್ತು, ನಾ ಹೇಳೋಕಿ ಅಲ್ಲ. ಆದ್ರ ಈ ಬ್ಯಾನಿ ತಾಟಿನಕಿಂತ ಕೆಮ್ಮಿನಾಗ ಅದ. ಎದುರಿಗೆ ಕುಂತವ್ರ ಮಾರಿ ಮ್ಯಾಲ ಕೆಮ್ಮಿದ್ರ ಅವ್ರಿಗೂ ಹತ್ತತದ. ದೊಡ್ಡವ್ರು ಹೆಂಗರೆ ತಡಕೋತಾರ. ಸಣ್ಣ ಮಕ್ಕಳು ತಡಿಯಾಂಗಿಲ್ಲ, ತೆಲಿಗೆ ಏರ್ತದ. ಒಂದು ಮೂರು ತಿಂಗಳು ಸೂಜಿ ಆಗಲಿ, ಆಮ್ಯಾಲ ಯಾರ ಜೋಡಿ ಬೇಕಾದ್ರೂ ಉಣ್ಣು."

"ಸೂಜಿಗೆ ತಾಟು ಬೇಕು ಬಾಯಾರ. ತಾಟಿಗೆ ಸೂಜಿ ಬೇಕು. ನೀವು ಓದಿದವ್ರು, ಯಾವುದು ಮೊದಲು ಅಂತ ನೀವ ಹೇಳ್ರಿ."

ಮೆಹರಾಜಬೇಗಂ ಸೆರಗು ತಲೆಯ ಮೇಲೆ ಎಳೆದುಕೊಂಡು ಊರೊಳಗೆ ನಡೆದಳು. ಅವನು ಓಣಿಯ ಬಾಯಿಯ ತನಕ ಅವಳ ಹಿಂದೆ ಹೋಗಿ, ಅಲ್ಲಿಂದ ಮುಂದೆ ಕಾಲಿಡಲಾರದೆ ತಿರುಗಿದ.

ಅಮಾವಾಸ್ಯೆ ಕಳೆದ ಸೋಮವಾರ ತಾಟು ಇಡುವುದೆಂದು ಮಠದ ಅಯ್ಯನವರು ಗೊತ್ತುಮಾಡಿದರು. ಎದುರಿಗೆ ಕೂರುವವನು ಸತ್ತವನ ಅಣ್ಣ ಶಾಂತಲಿಂಗಪ್ಪ. ಈ ಸುದ್ದಿ ಕೇಳಿದ ದಿನದಿಂದ ಚಂದ್ರಾಮಪ್ಪ ತನ್ನೊಳಗೇ ಒಂದು ಕೋರ್ಟು ತೆರೆದು, ತಾನೇ ವಕೀಲ, ತಾನೇ ಜಡ್ಜ್ ಆದ. ಶಾಂತಲಿಂಗಪ್ಪ ಎಮ್ಮೆಯಂಥ ಆಳು, ಒಂದು ಹೊತ್ತಿಗೆ ಒಂಬತ್ತು ರೊಟ್ಟಿ ಮುರಿಯುವವ. ಅವನ ಎದೆಯಲ್ಲಿ ಯಾವ ಬ್ಯಾನಿ ಬೇರು ಬಿಟ್ಟೀತು? ತಾನು ಬಾಯಿಗೆ ಟವೆಲ್ ಹಿಡಿದರಾಯಿತು. ಒಂದು ತುತ್ತು, ಒಂದು ಗಳಿಗೆ. ಮರುದಿನ ಬೆಳಿಗ್ಗೆ ಅದೇ ಓಣಿಯಲ್ಲಿ ನಡೆದುಹೋಗಿ ಸೂಜಿ. ಹುಲೆಪ್ಪನಲ್ಲಿ ಗಡ್ಡ. ಪ್ರಮಿಲಾಳ ಲಗ್ನದಲ್ಲಿ ಸೋದರಮಾವನ ಮಣೆ. ಜಡ್ಜ್ ಸಾಹೇಬರು ವಕೀಲರ ವಾದವನ್ನು ಪೂರ್ತಿ ಒಪ್ಪಿದರು. ಈ ಕೋರ್ಟಿನಲ್ಲಿ ಎದುರು ಪಾರ್ಟಿಗೆ ವಕೀಲರಿರಲಿಲ್ಲ ಎಂಬುದು ಅವನಿಗೆ ತಿಳಿದಿತ್ತು, ಆದರೂ ತೀರ್ಪು ಬಂದದ್ದೇ ಸಮಾಧಾನ.

ಸೋಮವಾರ ಕಸ್ತೂರಿಬಾಯಿ ಅವನ ಅಂಗಿಯನ್ನು ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿದಳು. ಹಣೆಗೆ ವಿಭೂತಿ ತಾನೇ ಹಚ್ಚಿದಳು. "ಅಯ್ಯನೋರು ಹೇಳಿದಂಗ ಮಾಡು. ಮುಂದಾಗಿ ಮಾತಾಡಬ್ಯಾಡ, ನಗಬ್ಯಾಡ. ನಿನಗ ಹೊತ್ತು ಗೊತ್ತು ಇಲ್ದ ನಗಿ ಬರ್ತದ."

"ಇವತ್ತ್ ಬರಾಂಗಿಲ್ಲ ಅಕ್ಕಾ."

ಮಠದ ಅಂಗಳದಲ್ಲಿ ಕಂಬಳಿ ಹಾಸಿದ್ದರು. ಊರ ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ಹೆಂಗಸರು ಆ ಕಡೆ ಬಾಗಿಲ ಬಳಿ. ಕಸ್ತೂರಿಬಾಯಿ ಪ್ರಮಿಲಾಳನ್ನು ಕರೆದುಕೊಂಡು ಬಂದಿದ್ದಳು. ಆಳಂದದ ಬೀಗರ ಕಡೆಯ ಒಬ್ಬ ಮುದುಕನೂ ಬಂದು ಹಿರಿಯರ ಜೊತೆ ತಂಬಾಕು ತಿಕ್ಕುತ್ತಿದ್ದ. ನಡುವೆ ದೊಡ್ಡ ಹಿತ್ತಾಳೆಯ ತಾಟು, ಅದರಲ್ಲಿ ಹುಗ್ಗಿ, ಮೇಲೆ ತುಪ್ಪ. ಹೊಗೆಯಾಡುತ್ತಿತ್ತು. ಚಂದ್ರಾಮಪ್ಪ ಕೂತ. ಟವೆಲನ್ನು ಹೆಗಲ ಮೇಲಿನಿಂದ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಎದೆಯಲ್ಲಿ ಕೆಮ್ಮು ಕಾದು ಕೂತಂತೆ ಇತ್ತು, ಅದನ್ನು ಉಸಿರಿನಿಂದ ಅದುಮಿ ಹಿಡಿದ.

ಸುಭದ್ರಾಬಾಯಿ ಬಂದಳು. ಅವಳನ್ನು ಅವನು ಕೋರ್ಟಿನ ಅಂಗಳದಲ್ಲಿ ಕಂಡದ್ದೇ ಕೊನೆ. ಈಗ ಬೆನ್ನು ಬಾಗಿತ್ತು, ಆದರೆ ಹೆಜ್ಜೆ ಗಟ್ಟಿಯಿತ್ತು. ಅವಳ ಹಿಂದೆ ಶಾಂತಲಿಂಗಪ್ಪ. ಅವನು ಕೂರಲು ಧೋತರ ಎತ್ತಿಕೊಂಡ.

"ನೀ ಕೂಡಬ್ಯಾಡ" ಎಂದಳು ಸುಭದ್ರಾಬಾಯಿ.

"ಯಾಕವ್ವ?"

"ನಿನ್ನದು ಏನು ಹೋಗ್ಯಾದ? ನಿನಗ ತಮ್ಮ ಹೋಗ್ಯಾನ, ಪಾಲು ಉಳದದ. ಹೋಗಿದ್ದು ಇದರದು." ಬಾಗಿಲ ಕಡೆ ಕೈ ಮಾಡಿದಳು. "ಬಾರ ಭಾಗಮ್ಮ."

ಮಲ್ಲಣ್ಣ ಸತ್ತಾಗ ತಾಯಿಯ ಹೊಟ್ಟೆಯಲ್ಲಿದ್ದ ಮಗು ಅದು. ಈಗ ಎರಡು ಜಡೆ, ಕೆಂಪು ರಿಬ್ಬನ್, ಮುಂದಿನ ಹಲ್ಲು ಬಿದ್ದಿತ್ತು. ಹುಗ್ಗಿಯನ್ನು ನೋಡುತ್ತ ನಡೆದು ಬಂದು, ತಾಟಿನ ಆ ಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಮುಖ ಚಂದ್ರಾಮಪ್ಪನ ಮುಖದಿಂದ ಒಂದು ಮೊಳ ದೂರದಲ್ಲಿತ್ತು.

"ಇದು ನ್ಯಾಯ" ಎಂದರು ಅಯ್ಯನವರು. ಹಿರಿಯರೂ ತಲೆಯಾಡಿಸಿದರು. ಸತ್ತವನ ರಕ್ತವೇ ಕೂತು ಉಂಡರೆ ಅದಕ್ಕಿಂತ ಗಟ್ಟಿಯಾದ ತಾಟು ಯಾವುದು? "ಹೂಂ ಚಂದ್ರಾಮ, ಮೊದಲ ತುತ್ತು ನೀ ಹಾಕು."

ಅವನು ಹುಗ್ಗಿಗೆ ಕೈಯಿಟ್ಟ. ಬಿಸಿಯಿತ್ತು. ತುತ್ತು ಮಾಡಿದ. ಮಗು ಬಾಯಿ ತೆರೆದು ಕಾಯಿತು, ಬಿದ್ದ ಹಲ್ಲಿನ ಜಾಗ ಕಾಣುವಂತೆ. 'ತೆಲಿಗೆ ಏರ್ತದ' ಎಂದಿದ್ದಳು ನರ್ಸಮ್ಮ. ಕೆಮ್ಮು ಗಂಟಲಿಗೆ ಬಂತು. ಟವೆಲ್ ಕೈಗೆ ಸಿಗಲಿಲ್ಲ, ಜಾರಿ ಬಿದ್ದಿತ್ತು. ಅವನು ತುತ್ತನ್ನು ತಾಟಿಗೆ ಬಿಟ್ಟು ಎದ್ದವನೇ ಮುಖ ತಿರುಗಿಸಿಕೊಂಡು ಗೋಡೆಯ ಕಡೆ ಓಡಿ ಕೆಮ್ಮಿದ.

"ಎದ್ದ" ಎಂದರು ಯಾರೋ. ಆ ಒಂದು ಶಬ್ದ ಸಾಲಿನ ಉದ್ದಕ್ಕೂ ಹೋಯಿತು. ಶಾಂತಲಿಂಗಪ್ಪ ಮುಂದೆ ಬಂದ. "ತಾಟಿನ ಮುಂದಿಂದ ಎದ್ದೇನಲೇ? ನನ್ನ ತಮ್ಮನ ಮಗಳು ಬಾಯಿ ತೆರದು ಕುಂತದ, ನೀ ಎದ್ದಿ? ಇನ್ನೂ ನಿನ್ನ ಸೊಕ್ಕು ಇಳದಿಲ್ಲೇನು?"

"ಸೊಕ್ಕಲ್ಲೋ ಅಣ್ಣಾ."

"ಮತ್ತೇನು?"

ಚಂದ್ರಾಮಪ್ಪ ಬಾಗಿಲ ಕಡೆ ನೋಡಿದ. ಕಸ್ತೂರಿಬಾಯಿ ಅವನನ್ನೇ ನೋಡುತ್ತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಅವಳಿಗೆ ತಿಳಿದುಹೋಗಿತ್ತು. ಬಹುಶಃ ಮೊದಲೇ ತಿಳಿದಿತ್ತು. ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು: ಹೇಳಬ್ಯಾಡ. ಅವಳ ಪಕ್ಕದಲ್ಲಿ ಪ್ರಮಿಲಾ ಹೊಸ ಬಳೆ ಹಾಕಿಕೊಂಡು ನಿಂತಿದ್ದಳು. ಆಳಂದದ ಮುದುಕ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ್ದ.

ತಿರುಗಿ ಕೂರಬಹುದಿತ್ತು. ಕೆಮ್ಮು ಬಂದಿತ್ತು, ತಪ್ಪಾಯಿತು ಎಂದು ಅಡ್ಡಬಿದ್ದರೆ ಅಯ್ಯನವರು ಒಪ್ಪುತ್ತಿದ್ದರು. ಮಗು ಇನ್ನೂ ಅಲ್ಲೇ ಕೂತಿತ್ತು. ಅವನು ಬಿಟ್ಟ ತುತ್ತಿನ ಮೇಲೆ ತುಪ್ಪ ಹರಿಯುವುದನ್ನು ನೋಡುತ್ತ, ಅದನ್ನು ತಾನೇ ತಿನ್ನಲೇ ಎಂಬಂತೆ ಅಜ್ಜಿಯ ಮುಖ ನೋಡಿತು.

"ಆ ತಾಟು ತಗೀರಿ" ಎಂದ ಚಂದ್ರಾಮಪ್ಪ. "ಹುಡುಗಿನ್ನ ಆ ಕಡಿ ಕರಕೊಳ್ರಿ. ನನಗ ಟೀಬಿ ಆಗ್ಯಾದ. ಜೇಲಿನಾಗ ಆಗಿದ್ದು. ಸೂಜಿ ನಡುವ ತಪ್ಪಿದ್ದಕ್ಕ ತಿರುಗಿ ಎದ್ದದ. ರಕ್ತಾನೂ ಬಿದ್ದದ."

ಇಷ್ಟು ಹೇಳಿ ಮುಗಿಸಿದಾಗ ತನ್ನ ಸುತ್ತ ಕಂಬಳಿ ಖಾಲಿಯಾಗಿರುವುದು ಅವನಿಗೆ ಕಂಡಿತು. ಹಿರಿಯರು ಯಾವಾಗ ಎದ್ದರೆಂದು ಗೊತ್ತಾಗಲಿಲ್ಲ. ಮೊಣಕಾಲು ನೋವಿನಿಂದ ಇಬ್ಬರು ಹಿಡಿದು ಎಬ್ಬಿಸಬೇಕಾಗಿದ್ದ ಮುದುಕನೂ ತಾನೇ ಎದ್ದು ಬಾಗಿಲು ಸೇರಿದ್ದ. ನಗು ಬರುವ ಹೊತ್ತಲ್ಲ. ಆದರೂ ಬಂತು, ಅಕ್ಕ ಹೇಳಿದ್ದು ನಿಜ.

ಸುಭದ್ರಾಬಾಯಿ ಮಾತ್ರ ಕದಲಲಿಲ್ಲ. ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿ ಶಾಂತಲಿಂಗಪ್ಪನ ಕಡೆ ದಬ್ಬಿದಳು. "ಮನಿಗೆ ಒಯ್ಯಿ ಇದನ್ನ. ಬಾಯಿ ತೊಳಿ."

"ಆಯಿ, ಹುಗ್ಗಿ?"

"ಮನ್ಯಾಗ ಮಾಡಿ ಕೊಡ್ತೇನಿ, ನಡಿ."

ಆಮೇಲೆ ಅವನ ಕಡೆ ತಿರುಗಿದಳು. "ಗೊತ್ತಿದ್ದೇ ಕುಂತಿದ್ದಿ ನೀ."

"ಹೌದವ್ವ. ಶಾಂತಲಿಂಗಣ್ಣ ಕೂಡ್ತಾನಂತ ಕುಂತಿದ್ಯಾ."

"ನನ್ನ ದೊಡ್ಡ ಮಗನಿಗೆ ಹತ್ತಿದ್ರ ನಡೀತಿತ್ತು ನಿನಗ."

ಚಂದ್ರಾಮಪ್ಪ ಕಣ್ಣು ಕೆಳಗೆ ಹಾಕಿದ.

"ಒಂದ್ ಜೀವ ತೊಗೊಂಡಿ, ಒಂದ್ ಬಿಟ್ಟಿ" ಎಂದಳು ಸುಭದ್ರಾಬಾಯಿ. "ಬಿಟ್ಟಿದ್ದಕ್ಕ ನಾ ಕೈ ಮುಗಿಯಾಂಗಿಲ್ಲ, ತಿಳಕೋ." ತಾಟನ್ನು ತಾನೇ ಎತ್ತಿಕೊಂಡು ಹೋಗಿ ಹುಗ್ಗಿಯನ್ನೆಲ್ಲ ತಿಪ್ಪೆಗೆ ಸುರಿದಳು.

ಆಳಂದದ ಮುದುಕ ಆ ದಿನವೇ ಸಂಜೆಯ ಬಸ್ಸು ಹಿಡಿದ. ಎಂಟು ದಿನದಲ್ಲಿ ಸಂಬಂಧ ಮುರಿದ ಸುದ್ದಿ ಬಂತು, ಮಾತು ತಪ್ಪಬೇಕಾದದ್ದಕ್ಕೆ ಬೇಸರವಿದೆಯೆಂಬ ವಿನಯದ ಜೊತೆಗೆ. ಕಸ್ತೂರಿಬಾಯಿ ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವನ ಕೌದಿ, ಒಂದು ಜೊತೆ ಅಂಗಿ, ಗುಳಿಗೆಯ ಪೊಟ್ಟಣ ಎಲ್ಲವನ್ನೂ ಒಂದು ಗಂಟು ಕಟ್ಟಿ ಕಟ್ಟೆಯ ಮೇಲಿಟ್ಟಳು.

"ಹೊಲದಾಗ ಜೋಪಡಿ ಅದ. ರೊಟ್ಟಿ ಬಾಂದದ ಕಲ್ಲಿನ ಮ್ಯಾಲ ಇಟ್ಟು ಬರ್ತೇನಿ. ನಾ ಬಂದಾಗ ನೀ ದೂರ ಇರು."

"ಪ್ರಮಿಲಾ ಏನಂತಾಳ?"

"ಏನೂ ಅನ್ನವಲ್ಲಳು. ಬಳಿ ಕಳದಿಟ್ಟಾಳ."

ಉಸುಕಿನ ಲಾರಿಯೂ ಹೋಯಿತು. ಹೆಸರು ಕೇಳದ ಮುಕಾದಮ ಬ್ಯಾನಿಯ ಹೆಸರು ಮಾತ್ರ ಕೇಳಿದ್ದ. ಜೋಪಡಿಯಲ್ಲಿ ಚಂದ್ರಾಮಪ್ಪನಿಗೆ ಮಾಡಲು ಏನೂ ಇರಲಿಲ್ಲ. ಜೇಲಿನಲ್ಲಿ ಕಡೆಪಕ್ಷ ಬೈಯಲು ಪಕ್ಕದಲ್ಲಿ ಜನವಿತ್ತು, ಎಂದುಕೊಂಡ. ಸಂಜೆ ಮೈ ಬಿಸಿಯಾದಾಗ ಎದುರಿನ ಹೊಳೆ ಎರಡೆರಡಾಗಿ ಕಾಣುತ್ತಿತ್ತು. ಇಷ್ಟು ಹೊಳೆ ಇದ್ದಿದ್ದರೆ ಜಗಳವೇ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೆಹರಾಜಬೇಗಂ ಹೊಲಕ್ಕೇ ಬಂದಳು. ದೂರದಿಂದಲೇ, "ನಡಿ ತಮ್ಮಾ" ಎಂದಳು.

"ಎಲ್ಲಿಗೆ?"

"ಸೂಜಿಗೆ. ಮುಂದಿನ ಬಾಗಲಲ್ಲ. ಹಿತ್ತಲಿಂದ, ಎಮ್ಮಿ ಕಟ್ಟೋ ಕೊಟ್ಟಿಗ್ಯಾಗ. ರೂಮಿನಾಗ ಕುದಿಸಿ ನಾ ಅಲ್ಲಿಗೆ ತರ್ತೇನಿ. ಮುದುಕಿ ಹೇಳ್ಯಾಳ."

"ಏನ್ ಹೇಳ್ಯಾಳ?"

"ಅಕಿ ಬಾಯಿಂದ ನೀನ ಕೇಳು. ನನಗ ಹೇಳಾಕ ನಾಲಿಗಿ ಬರಾಂಗಿಲ್ಲ."

ಊರ ಹೊರಗಿನಿಂದ ಬಳಸಿಕೊಂಡು, ಜಾಲಿ ಕಂಟಿಯ ಸಂದಿನಿಂದ ಅವನು ಆ ಹಿತ್ತಲಿಗೆ ಬಂದ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಕರು. ಸುಭದ್ರಾಬಾಯಿ ಒಳಬಾಗಿಲ ಹೊಸ್ತಿಲಿನ ಆಚೆಗೆ ನಿಂತಿದ್ದಳು, ಬಾಗಿಲನ್ನು ಅರ್ಧ ಮುಚ್ಚಿ ಹಿಡಿದುಕೊಂಡು. ಒಳಗಿನಿಂದ ಭಾಗಮ್ಮ ಯಾವುದೋ ಲೆಕ್ಕದ ಮಗ್ಗಿ ಒದರುವುದು ಕೇಳುತ್ತಿತ್ತು.

"ಅಲ್ಲೇ ನಿಂದ್ರು" ಎಂದಳು. "ಮಾರಿ ಆ ಕಡಿ ಮಾಡು."

ಅವನು ಮುಖವನ್ನು ಎಮ್ಮೆಗಳ ಕಡೆ ತಿರುಗಿಸಿ ನಿಂತ.

"ಇದು ತಾಟಲ್ಲ. ನಿನ್ನ ನಾ ಮನ್ಯಾಗ ಕರದಿಲ್ಲ, ಊರಾಗೂ ಕರದಿಲ್ಲ. ನೀ ಆ ಜೋಪಡ್ಯಾಗ ಕೆಮ್ಮಿ ಕೆಮ್ಮಿ ಸತ್ತಿ ಅಂದ್ರ ನಾ ಯಾರ ಮ್ಯಾಲ ಸಿಟ್ಟು ಇಟ್ಕೊಂಡು ಕೂಡ್ಲಿ? ಆರು ವರ್ಷ ಅದನ್ನ ಕಾದಿಟ್ಟೇನಿ. ಬದುಕು ನೀ. ಗುಣ ಆದ ಮ್ಯಾಲ ಬೇಕಾದ್ರ ತಾಟು ಇಡೋಣ, ಬ್ಯಾಡಾದ್ರ ಬಿಡೋಣ. ಅದು ನನ್ನ ಮನಸು."

"ಆಗಲಿ ಯವ್ವಾ."

"ಯವ್ವಾ ಗಿವ್ವಾ ಅನಬ್ಯಾಡ."

"ಆಗಲ್ರಿ" ಎಂದ.

ಮೆಹರಾಜಬೇಗಂ ಸೂಜಿಯನ್ನು ಬೆಳಕಿಗೆ ಹಿಡಿದು ಗಾಳಿ ತೆಗೆದಳು. ಕಚ್ಚೆ ಸಡಿಲಿಸಿ ನಿಲ್ಲಬೇಕಾಯಿತು, ತಾನು ಕೊಂದವನ ತಾಯಿಯ ಎದುರು, ಎರಡು ಎಮ್ಮೆಗಳ ಸಾಕ್ಷಿಯಲ್ಲಿ. ಕೋರ್ಟಿನಲ್ಲಿಯೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಮುದುಕಿ ಕಣ್ಣು ಬೇರೆ ಕಡೆ ತಿರುಗಿಸಿದಳೋ ಇಲ್ಲವೋ, ಅವನಿಗೆ ನೋಡುವ ಧೈರ್ಯವಾಗಲಿಲ್ಲ. ಔಷಧ ಇಳಿಯುವಾಗ ಉರಿಯಿತು. ನರ್ಸಮ್ಮ ಹತ್ತಿಯಿಂದ ತಿಕ್ಕಿ, "ಕೂಡಬ್ಯಾಡ, ನಡ್ಕೋತ ಹೋಗು" ಎಂದು ಡಬ್ಬಿ ಎತ್ತಿಕೊಂಡು ರೂಮಿಗೆ ಹೋದಳು.

"ನಾಳಿಗೆ ಹಾಲು ಹಿಂಡಿದ ಮ್ಯಾಲ ಬಾ" ಎಂದಳು ಸುಭದ್ರಾಬಾಯಿ. "ಹಿಂಡಾಕ ಕುಂತಾಗ ನಿನ್ನ ನೋಡಿದ್ರ ಎಮ್ಮಿ ಸೊರ ಬಿಡಾಂಗಿಲ್ಲ."

ಅವನು ಕೊಟ್ಟಿಗೆ ದಾಟಿ ಹಿತ್ತಲಿಗೆ ಬಂದ. ಈ ಸೂಜಿ ತಲೆ ತಿರುಗಿಸುತ್ತದೆ ಎಂಬುದು ಜೇಲಿನಿಂದಲೇ ಗೊತ್ತಿದ್ದದ್ದು, ಅಲ್ಲಿ ಸಾಲಿನ ಹಿಂದಿನವನ ಹೆಗಲು ಸಿಗುತ್ತಿತ್ತು. ಇಲ್ಲಿ ನೆಲ ಓಲಾಡಿದಾಗ ಕೈಗೆ ಸಿಕ್ಕಿದ್ದು ಆ ಮನೆಯ ಹಿತ್ತಲ ಗೋಡೆ. ಹಿಡಿಯಬಾರದೆಂದು ಗೊತ್ತಿದ್ದೂ ಹಿಡಿದ. ಅಂಗೈಗೆ ಮಣ್ಣು ಹತ್ತಿತು. ಹಿಂದಿನಿಂದ ಯಾರಾದರೂ ಬೈಯುತ್ತಾರೆಂದು ಕಾದ. ಬೈಯಲಿಲ್ಲ. ಹತ್ತಿರ ಬಂದು ಹಿಡಿಯಲೂ ಇಲ್ಲ.

ನೆಲ ನಿಂತ ಮೇಲೆ ತಿರುಗಿ ನೋಡಿದ. ಮುದುಕಿ ಅರ್ಧ ಬಾಗಿಲಲ್ಲಿ ಹಾಗೆಯೇ ನಿಂತಿದ್ದಳು, ಅವನು ಗೋಡೆ ಬಿಟ್ಟು ನಡೆಯುವುದನ್ನೇ ಕಾಯುತ್ತ. ಅವನು ಕೈ ತೆಗೆದು ಜಾಲಿ ಕಂಟಿಯ ಕಡೆ ನಾಲ್ಕು ಹೆಜ್ಜೆ ಇಟ್ಟ. ಆಗ ಬಾಗಿಲು ಮುಚ್ಚಿತು, ಒಳಗಿನಿಂದ ಅಗಳಿ ಬಿದ್ದ ಸದ್ದಾಯಿತು.